ಒಡೆದವೆಂದು ಬರೆದ ಕ್ಯೂಬುಗಳು

ಆಗಸ್ಟ್ ೩, ಭಾನುವಾರ

ಅಕ್ಕಾ,

ಹಾಸ್ಟೆಲ್ ನನಗೆ ಹೊಸದಲ್ಲ. ಏಳನೇ ವಯಸ್ಸಿನಿಂದ ಗಂಟೆ ಹೊಡೆದರೆ ಏಳುವವಳು, ಗಂಟೆ ಹೊಡೆದರೆ ಅಳು ನಿಲ್ಲಿಸುವವಳು. ಈ ಎಂಜಿನಿಯರಿಂಗ್ ಕಾಲೇಜಿನಲ್ಲೂ ಅದೇ ಗಂಟೆ. ಮೊದಲ ವರ್ಷದವರ ಫೋನೆಲ್ಲ ವಾರ್ಡನ್ ಬೀರುವಿನಲ್ಲಿವೆ. ಭಾನುವಾರ ಆಫೀಸಿನ ಫೋನಿನಲ್ಲಿ ಹತ್ತು ನಿಮಿಷ ಸಿಗುತ್ತದೆ, ಆದರೆ ಬೆನ್ನಿಗೇ ಇಪ್ಪತ್ತು ಜನರ ಕ್ಯೂ. ಅದಕ್ಕಿಂತ ನಮ್ಮ ಹಳೆಯ ಕಾಗದದ ಪದ್ಧತಿಯೇ ವಾಸಿ. ನಿನ್ನ ರೂಲ್ ಮುರಿದಿಲ್ಲ ನೋಡು, ಪೂರ್ತಿ ಇಂಗ್ಲಿಷ್ ವಾಕ್ಯ ಒಂದೂ ಇಲ್ಲ. ಒತ್ತಕ್ಷರ ನೋಡಿ ನಗಬೇಡ.

ನಿನಗೆ ಹೇಳಲೇಬೇಕಾದ ವಿಷಯ ನಮ್ಮ ಎಥಿಕ್ಸ್ ಕ್ಲಾಸು. ಸೋಮವಾರ, ಶುಕ್ರವಾರ ಕೊನೆಯ ಪೀರಿಯಡ್. ಮಾರ್ಕ್ಸ್ ಇಲ್ಲ, ಅಟೆಂಡೆನ್ಸ್ ಮಾತ್ರ ಕಡ್ಡಾಯ. ಆದ್ದರಿಂದ ಅರ್ಧ ಕ್ಲಾಸು ನಿದ್ದೆ ಮಾಡುತ್ತದೆ, ಇನ್ನರ್ಧ ಮ್ಯಾಥ್ಸ್ ಮಾಡುತ್ತದೆ. ಪಾಠ ಮಾಡುವವರು ಸೇತುವೆಗಳನ್ನು ಕಟ್ಟಿ ರಿಟೈರ್ ಆದವರಂತೆ. ಸೀನಿಯರ್‌ಗಳು ಅವರಿಗೆ ಎಥಿಕ್ಸ್ ತಾತ ಅನ್ನುತ್ತಾರೆ.

ನಾವಿರುವುದು ಅರವತ್ತು ಜನ. ತಾತ ಅರವತ್ತರವರೆಗೂ ಕೂಗಿ, ಆಮೇಲೆ "ಅರವತ್ತೊಂದು" ಅನ್ನುತ್ತಾರೆ. ಪೆನ್ನು ಎತ್ತಿ ಹಿಡಿದು, ಕೊನೆಯ ಸಾಲಿನ ಖಾಲಿ ಕುರ್ಚಿಯ ಕಡೆ ಕಿವಿ ಕೊಟ್ಟು, ಹತ್ತು ಎಣಿಸುವಷ್ಟು ಹೊತ್ತು ಕಾಯುತ್ತಾರೆ. ಆಮೇಲೆ ಗೈರು ಎಂದು ಗುರುತು ಹಾಕುತ್ತಾರೆ. ಹಿಂದಿನ ಬೆಂಚಿನವನೊಬ್ಬ ಕೇಳಿಯೇಬಿಟ್ಟ.

"ಸರ್, ಅವರು ಲೇಟ್ ಅಡ್ಮಿಷನ್ನಾ?"

ಎಲ್ಲರೂ ನಕ್ಕರು. ತಾತನೂ ನಕ್ಕರು.

"ಅಲ್ಲಪ್ಪ. ನೀವು ಮುಂದೆ ಕಟ್ತೀರಲ್ಲ, ಅದರ ಕೆಳಗೆ ಓಡಾಡೋರು. ಯಾವತ್ತು ಬರ್ತಾರೆ ಅಂತ ಮೊದಲೇ ಹೇಳಿ ಕಳಿಸಲ್ಲ ನೋಡು. ಅದಕ್ಕೇ ಕೂಗ್ತಿರ್ತೀನಿ."

ಜೋಕ್ ಅಂತ ಗೊತ್ತು. ಆದರೆ ಆ ಹತ್ತು ಸೆಕೆಂಡ್ ಇದೆಯಲ್ಲ, ಫ್ಯಾನಿನ ಸದ್ದೂ ಅಡಗಿದ ಹಾಗಾಗುತ್ತದೆ. ನಾನು ಆ ಕುರ್ಚಿಯ ಮುಂದಿನ ಸಾಲಿನಲ್ಲೇ ಕೂರುವವಳು. ತಿರುಗಿ ನೋಡಲು ಹೋಗುವುದಿಲ್ಲ.

ಲ್ಯಾಬ್ ಇಷ್ಟವಾಯಿತು. ಅಲ್ಲೊಂದು ದೊಡ್ಡ ನೀರಿನ ತೊಟ್ಟಿ ಇದೆ. ಅದರ ತಳದಲ್ಲಿ ಕಾಂಕ್ರೀಟ್ ಕ್ಯೂಬುಗಳು ಸಾಲಾಗಿ ಕೂತಿರುತ್ತವೆ. ಕಟ್ಟಡಗಳಿಗೆ ಹಾಕಿದ ಕಾಂಕ್ರೀಟಿನದೇ ಮಾದರಿಗಳಂತೆ; ಇಪ್ಪತ್ತೆಂಟು ದಿನ ನೀರಲ್ಲಿ ನೆನೆಸಿ, ಎಷ್ಟು ಭಾರ ತಡೆಯುತ್ತವೆ ಅಂತ ಆಮೇಲೆ ಮಷೀನಿನಲ್ಲಿ ಒಡೆಯುತ್ತಾರೆ. ಬಗ್ಗಿ ನೋಡಿದರೆ ಅವೇ ನಮ್ಮನ್ನು ನೋಡುತ್ತಿವೆಯೇನೋ ಅನ್ನಿಸುತ್ತದೆ.

ನಿನ್ನ ಗುಬ್ಬಿ


ಆಗಸ್ಟ್ ೧೦

ಗುಬ್ಬೀ,

ಕ್ಯೂಬುಗಳು ನಿನ್ನನ್ನು ನೋಡುತ್ತಿವೆಯಂತೆ! ಅವಕ್ಕೆ ಬೇರೆ ಕೆಲಸವಿಲ್ಲ ನೋಡು. ನೀನು ಸರಿಯಾಗಿ ಊಟ ಮಾಡುತ್ತಿಲ್ಲ, ಅಷ್ಟೇ. ಎಥಿಕ್ಸ್ ಕ್ಲಾಸು ನಮಗೂ ಇತ್ತು. ನಾನು ಪೂರ್ತಿ ವರ್ಷ ಅದರಲ್ಲಿ ನಿದ್ದೆ ಮಾಡಿ ಪಾಸಾದೆ. ನಿಮ್ಮ ತಾತನ ಅರವತ್ತೊಂದು ಚೆನ್ನಾಗಿದೆ, ನಮ್ಮ ಮೇಷ್ಟ್ರಿಗೆ ಅಷ್ಟು ತಲೆ ಇರಲಿಲ್ಲ.

ಇಲ್ಲಿ ಆಸ್ಪತ್ರೆಯ ಹೊಸ ಹೆರಿಗೆ ವಾರ್ಡು ಏಳುತ್ತಿದೆ. ಮೂರು ಮಹಡಿ, ತಲೆಯ ಮೇಲೆ ನೀರಿನ ಟ್ಯಾಂಕು. ಅಕ್ಟೋಬರ್ ಇಪ್ಪತ್ತಕ್ಕೆ ಉದ್ಘಾಟನೆ ಅಂತ ಕಾರ್ಡೇ ಅಚ್ಚು ಹಾಕಿಸಿಬಿಟ್ಟಿದ್ದಾರೆ. ವಾರ್ಡಿನ ಹಿರಿಯ ನರ್ಸ್ ದಿನಾ ಬರುತ್ತಾರೆ. ಬಾಯಿ ಬಂದೂಕು, ಕೈಯಲ್ಲಿ ಸೀಮೆಸುಣ್ಣ. ಎರಡನೇ ಮಹಡಿಯ ನೆಲದ ಮೇಲೆ ಮಂಚ ಎಲ್ಲೆಲ್ಲಿ ಬರಬೇಕೆಂದು ಗೆರೆ ಎಳೆದಿದ್ದಾರೆ. ಮೂವತ್ತು ಚೌಕ. "ಎಂಜಿನಿಯರಮ್ಮ, ಒಂದು ಮಂಚಕ್ಕೆ ಇಬ್ಬರು ಬಾಣಂತಿಯರನ್ನ ಮಲಗಿಸಿ ನನಗೆ ಸಾಕಾಗಿದೆ. ಒಂದು ಚೌಕ ಕಡಿಮೆಯಾದ್ರೂ ನಿಮ್ಮನ್ನೇ ಇಲ್ಲಿ ಮಲಗಿಸ್ತೀನಿ" ಎಂದರು.

ಒಂದು ವಿಚಿತ್ರ ಹೇಳುತ್ತೇನೆ, ನಗು. ನಮ್ಮ ಕೂಲಿಯವರು ಇಟ್ಟಿಗೆ ಹೊತ್ತುಕೊಂಡು ಹೋಗುವಾಗ ಆ ಚೌಕಗಳ ಮೇಲೆ ಕಾಲಿಡುವುದಿಲ್ಲ. ಸುತ್ತಿ ಬಳಸಿ ಹೋಗುತ್ತಾರೆ. ಯಾಕೆ ಅಂತ ಕೇಳಿದರೆ ಒಬ್ಬಳು, "ಮಲಗಿರೋರನ್ನ ಯಾರಾದ್ರೂ ದಾಟ್ತಾರಾ ಅಮ್ಮಾ?" ಎಂದಳು.

ನಿನ್ನನ್ನು ಬಿಡಲು ಬಂದ ದಿನ ಇಲ್ಲಿ ಕೆಲಸ ನಿಂತಿತೇ ಎಂದು ಬಸ್ಸಿನಲ್ಲಿ ಹತ್ತು ಸಲ ಕೇಳಿದ್ದೆಯಲ್ಲ. ಏನೂ ನಿಲ್ಲಲಿಲ್ಲ. ಎಲ್ಲ ಸರಿಯಾಗಿದೆ. ಓದು.

ಅಕ್ಕ


ಆಗಸ್ಟ್ ೧೯

ಅಕ್ಕಾ,

ನಿನ್ನೆ ಲ್ಯಾಬಿನಲ್ಲಿ ನನಗೆ ಸ್ವಲ್ಪ ಮರ್ಯಾದೆ ಸಿಕ್ಕಿತು. ಇನ್‌ಸ್ಟ್ರಕ್ಟರ್ ನನ್ನ ರೆಕಾರ್ಡ್ ನೋಡಿ, "ನೋಡ್ರೋ, ಅಕ್ಷರ ಅಂದ್ರೆ ಇದು, ಮುತ್ತು ಪೋಣಿಸಿದ ಹಾಗಿದೆ. ನಂದೋ ಕಾಗೆ ಕಾಲು ಗುಬ್ಬಿ ಕಾಲು" ಎಂದರು. ನನ್ನ ಹೆಸರೇ ಗುಬ್ಬಿ ಅಂತ ಅವರಿಗೇನು ಗೊತ್ತು! ಟೆಸ್ಟ್ ಶೀಟುಗಳನ್ನು ನನ್ನ ಕೈಯಲ್ಲೇ ಬರೆಸಿದರು. ಒಟ್ಟು ಹನ್ನೆರಡು ಶೀಟು. ಮೊದಲ ವರ್ಷದವರಲ್ಲಿ ಯಾರಿಗೂ ಕೊಡದ ಕೆಲಸವಂತೆ. ಹೆಚ್ಚೇನೂ ಇಲ್ಲ, ಅವರು ಹೇಳಿದ್ದನ್ನು ಬರೆಯುವುದು.

ಆಮೇಲೆ ಎಥಿಕ್ಸ್ ಕ್ಲಾಸಿಗೆ ಹೋದೆ. ಬೇರೇನೂ ವಿಶೇಷವಿಲ್ಲ. ನಿದ್ದೆ ಚೆನ್ನಾಗಿ ಬರುತ್ತಿದೆ, ಊಟವೂ ಮಾಡುತ್ತಿದ್ದೇನೆ. ಈಗ ಕಿಟಕಿ ಪಕ್ಕ ಸೀಟು ಬದಲಾಯಿಸಿಕೊಂಡಿದ್ದೇನೆ, ಗಾಳಿ ಬರುತ್ತದೆ ಅಂತ.

ಗುಬ್ಬಿ


ಸೆಪ್ಟೆಂಬರ್ ೧

ನನ್ನ ಜಾಣ ಗುಬ್ಬೀ,

ಇವತ್ತು ಏನಾಯಿತು ಗೊತ್ತಾ? ಎರಡನೇ ಮಹಡಿಯ ಕಂಬಗಳ ಕ್ಯೂಬ್ ರಿಪೋರ್ಟು ಬಂತು. ಕಂಟ್ರಾಕ್ಟರ್ ಕಡೆಯವನು ಕ್ಯೂಬುಗಳನ್ನು ಯಾವ ಲ್ಯಾಬಿಗೆ ಕೊಡುತ್ತಾನೋ ನಾನು ಕೇಳಿರಲಿಲ್ಲ. ಲಕೋಟೆ ತೆಗೆದರೆ ನಿಮ್ಮ ಕಾಲೇಜಿನ ಮೊಹರು! ಹಿಂದೆ ಪಿನ್ ಮಾಡಿದ್ದ ಶೀಟಿನಲ್ಲಿ ನಿನ್ನ ಅಕ್ಷರ. ಇಪ್ಪತ್ತೆಂಟು ಪಾಯಿಂಟ್ ನಾಲ್ಕು, ಇಪ್ಪತ್ತೇಳು ಪಾಯಿಂಟ್ ಒಂಬತ್ತು, ಇಪ್ಪತ್ತೆಂಟು ಪಾಯಿಂಟ್ ಒಂದು. ಕಂಬದ ಬಲ ಇಪ್ಪತ್ತೈದು ಬಂದರೆ ಸಾಕಿತ್ತು. ನಾನು ಸೈಟ್ ಆಫೀಸಿನಲ್ಲಿ ಒಬ್ಬಳೇ ಕೂತು ನಕ್ಕೆ. ಮೇಸ್ತ್ರಿ ಇಣುಕಿ ನೋಡಿ, "ಲಾಟರಿ ಹೊಡೀತಾ ಅಮ್ಮಾ?" ಎಂದ.

ಈಗ ಹೇಳಬಹುದು. ಆ ಕಂಬಗಳ ಮೇಲೆ ನನಗೊಂದು ಗುಮಾನಿ ಇತ್ತು. ಏಳನೇ ನಂಬರ್ ಕಂಬವನ್ನು ಸುತ್ತಿಗೆಯಿಂದ ತಟ್ಟಿದರೆ ಠಣ್ ಅನ್ನುವುದಿಲ್ಲ, ನೆನೆದ ಮರದ ಹಾಗೆ ದಬ್ ಅನ್ನುತ್ತದೆ. ಒಂದು ತಿಂಗಳಿಂದ ಯಾರಿಗೂ ಹೇಳದೆ ತಟ್ಟುತ್ತಲೇ ಇದ್ದೆ. ಬೇರೆ ಯಾರ ಕೈಬರಹವಾಗಿದ್ದರೂ ನಾನು ಆ ರಿಪೋರ್ಟನ್ನು ನಂಬುತ್ತಿರಲಿಲ್ಲ, ಇನ್ನೊಂದು ಪರೀಕ್ಷೆ ಮಾಡಿಸುತ್ತಿದ್ದೆ. ನೀನು ಬರೆದದ್ದು ಎಂದ ಮೇಲೆ ಇನ್ನೇನು? ಸೈನ್ ಹಾಕಿ ಕಳಿಸಿದೆ. ನಾಳೆ ಮೂರನೇ ಮಹಡಿ ಶುರು.

ಎಷ್ಟೋ ದಿನದ ಮೇಲೆ ಮಧ್ಯಾಹ್ನ ಕುರ್ಚಿಯಲ್ಲೇ ನಿದ್ದೆ ಹೋಗಿದ್ದೆ.

ಅಕ್ಕ


ಸೆಪ್ಟೆಂಬರ್ ೯

ಅಕ್ಕಾ,

ಚಿಕ್ಕ ಪತ್ರ. ಇಂಟರ್ನಲ್ಸ್ ಇದೆ.

ಸುಮ್ಮನೆ ಕೇಳುತ್ತಿದ್ದೇನೆ, ಸಿಲಬಸ್‌ಗೆ. ರಿಪೋರ್ಟ್ ಸರಿ ಇದ್ದರೂ ಕಂಬಗಳನ್ನು ಇನ್ನೊಂದು ಸಲ ಪರೀಕ್ಷೆ ಮಾಡಬಹುದಾ? ಕಂಬದಿಂದಲೇ ಒಂದು ತುಂಡು ಕೊರೆದು ತೆಗೆಯುತ್ತಾರಂತೆ. ನೀನು ಮಾಡಿಸಿದರೆ ತಪ್ಪೇನಿಲ್ಲ ಅಲ್ವಾ? ಮೂರನೇ ಮಹಡಿ ಸ್ವಲ್ಪ ನಿಧಾನವಾದರೆ ಯಾರಾದರೂ ಬೈಯುತ್ತಾರಾ? ಮೇಲೆ ಟ್ಯಾಂಕಿಗೆ ನೀರು ಯಾವತ್ತು ತುಂಬಿಸುತ್ತೀರಿ?

ಕ್ಯೂಬಿನ ಮೇಲೆ ಬಣ್ಣದಲ್ಲಿ ನಂಬರ್ ಬರೆಯುವುದು ನೀನೇ ತಾನೆ? ಏಳಕ್ಕೆ ನಡುವೆ ಅಡ್ಡಗೆರೆ ಹಾಕುವ ಅಭ್ಯಾಸ ನಿನಗೆ ಈಗಲೂ ಇದೆಯಾ?

ಗುಬ್ಬಿ


ಸೆಪ್ಟೆಂಬರ್ ೧೪

ಗುಬ್ಬೀ,

ನಿನಗೆ ಅಲ್ಲಿ ಯಾರೋ ಕಾಟ ಕೊಡುತ್ತಿದ್ದಾರೆ. ನಿಜ ಹೇಳು. ಚಿಕ್ಕವಳಿದ್ದಾಗಲೂ ಹೀಗೇ ಮಾಡುತ್ತಿದ್ದೆ. ಹಾಸ್ಟೆಲಿನಲ್ಲಿ ಯಾರೋ ಹೊಡೆದರೆ ನನಗೆ, "ಅಕ್ಕಾ, ಚಂದ್ರನಿಗೆ ಎಷ್ಟು ದೂರ?" ಅಂತ ಕಾಗದ ಬರೆಯುತ್ತಿದ್ದೆ. ಸೀನಿಯರ್‌ಗಳಾ? ರೂಮ್‌ಮೇಟಾ? ಹೆಸರು ಬೇಡ, ಹೌದು ಅಂತ ಒಂದು ಗೆರೆ ಬರೆದರೂ ಸಾಕು, ನಾನು ಬಂದು ವಾರ್ಡನ್ ಜುಟ್ಟು ಹಿಡಿಯುತ್ತೇನೆ.

ನಿನ್ನ ಸಿಲಬಸ್‌ಗೆ ಉತ್ತರ. ಕೊರೆದು ನೋಡಬಹುದು. ಆದರೆ ಸುಮ್ಮಸುಮ್ಮನೆ ಯಾರೂ ಒಳ್ಳೆಯ ಕಂಬ ಕೊರೆಯುವುದಿಲ್ಲ. ಮೂರನೇ ಮಹಡಿಯ ಸೂರು ಮುಗಿಯುತ್ತಾ ಬಂತು. ಟ್ಯಾಂಕಿಗೆ ನೀರು ಅಕ್ಟೋಬರ್ ಹನ್ನೆರಡಕ್ಕೆ. ಏಳಕ್ಕೆ ಅಡ್ಡಗೆರೆ ಸಾಯುವವರೆಗೂ ಹಾಕುತ್ತೇನೆ, ನಿನಗೇನು?

ನೆಲ ಒರೆಸುವವರು ಸೀಮೆಸುಣ್ಣದ ಗೆರೆಗಳನ್ನು ಗುಡಿಸಿಬಿಟ್ಟಿದ್ದಾರೆ. ಆದರೂ ಕೂಲಿಯವರು ಆ ಜಾಗಗಳನ್ನು ಸುತ್ತಿಕೊಂಡೇ ಹೋಗುತ್ತಾರೆ. ಒಂದು ಹೆಜ್ಜೆಯೂ ತಪ್ಪುವುದಿಲ್ಲ. ನಿನ್ನೆ ನಾನೂ ಹಾಗೇ ನಡೆದಿದ್ದೆ, ಮೆಟ್ಟಿಲು ಇಳಿದ ಮೇಲೆ ಗೊತ್ತಾಯಿತು.

ಅಕ್ಕ


ಸೆಪ್ಟೆಂಬರ್ ೨೪

ಅಕ್ಕಾ,

ಯಾರೂ ಕಾಟ ಕೊಡುತ್ತಿಲ್ಲ. ನಾನೇ ಹೇಳುತ್ತೇನೆ. ಭಾನುವಾರ ಫೋನ್ ಮಾಡಿ, ನೀನು ಹಲೋ ಎಂದ ಕೂಡಲೇ ಇಟ್ಟವಳು ನಾನೇ. 

ಆ ನಂಬರ್‌ಗಳು ಸುಳ್ಳು. ಆಗಸ್ಟ್ ಹದಿನೆಂಟರಂದು ಮಷೀನ್ ಕೆಟ್ಟು ಹತ್ತು ದಿನವಾಗಿತ್ತು. ಇನ್‌ಸ್ಟ್ರಕ್ಟರ್ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿಕೊಂಡು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. "ಸರ್, ಟೆಸ್ಟ್ ಮಾಡೋದಿಲ್ವಾ?" ಅಂತ ಒಂದೇ ಸಲ ಕೇಳಿದೆ. "ಬಂದೇ ಬರೋ ನಂಬರ್ ಅಮ್ಮ ಇವು. ಮೂವತ್ತು ವರ್ಷದಿಂದ ಒಡೀತಿದೀನಿ, ನನಗೆ ಗೊತ್ತಿಲ್ವಾ? ಮೂರೂ ಒಂದೇ ಥರ ಬೇಡ, ಆಚೆ ಈಚೆ ಇರಲಿ" ಎಂದರು. ನಾನು ಪ್ರಾಕ್ಟೀಸ್ ಶೀಟು ಅಂದುಕೊಂಡೆ. ಇಲ್ಲ, ಅದೂ ಸುಳ್ಳು. ಟೇಬಲ್ ಮೇಲೆ ಮೊಹರು ಇತ್ತು, ನೋಡಿದ್ದೆ. ಹೊಗಳಿಕೆ ಹೊಟ್ಟೆ ತುಂಬಿತ್ತು, ಅರ್ಥ ಮಾಡಿಕೊಳ್ಳಲು ಹೋಗಲಿಲ್ಲ.

ಅವತ್ತೇ ಎಥಿಕ್ಸ್ ಕ್ಲಾಸಿನಲ್ಲಿ ತಾತ ಅರವತ್ತೊಂದು ಎಂದು ಕೂಗಿ, ಕಾದು, ಹಾಜರಿ ಹಾಕಿದರು. ಗೈರು ಅಲ್ಲ. ನನಗೂ ಕೇಳಿಸಿತ್ತು ಅಕ್ಕ. ಬೆನ್ನ ಹಿಂದೆ ನೀರಿನಲ್ಲಿ ಏನನ್ನೋ ಮೆಲ್ಲಗೆ ಇಟ್ಟ ಸದ್ದು. ಅದಕ್ಕೇ ಸೀಟು ಬದಲಾಯಿಸಿದ್ದು, ಗಾಳಿಗಲ್ಲ. ಅವತ್ತಿನಿಂದ ಪ್ರತಿ ಕ್ಲಾಸಿನಲ್ಲೂ ಹಾಜರಿ ಬೀಳುತ್ತಿದೆ. ಯಾರೂ ಗಮನಿಸುತ್ತಿಲ್ಲ, ಎಲ್ಲರೂ ಮ್ಯಾಥ್ಸ್ ಮಾಡುತ್ತಿದ್ದಾರೆ.

ನಿನ್ನ ಸೆಪ್ಟೆಂಬರ್ ಒಂದರ ಪತ್ರ ಬಂದ ಮೇಲೆ ತೊಟ್ಟಿಯ ಹತ್ತಿರ ಹೋದೆ. ರಿಜಿಸ್ಟರ್ ಪ್ರಕಾರ ಒಡೆದುಹೋದ ನಿನ್ನ ಮೂರು ಕ್ಯೂಬುಗಳು ತಳದಲ್ಲಿ ಇಡಿಯಾಗಿ ಕೂತಿದ್ದವು. ಕೆಂಪು ಬಣ್ಣ, ಅಡ್ಡಗೆರೆಯ ಏಳು. ಎಲ್ಲ ಕ್ಯೂಬುಗಳ ಮೇಲೂ ಪಾಚಿ ಇತ್ತು, ಇವುಗಳ ಮೇಲೆ ಮಾತ್ರ ಇರಲಿಲ್ಲ, ಯಾರೋ ದಿನಾ ಒರೆಸುತ್ತಿದ್ದಾರೇನೋ ಅನ್ನುವ ಹಾಗೆ.  ಆದರೂ ಎರಡು ವಾರ ಯಾರಿಗೂ ಹೇಳಲಿಲ್ಲ. ಯಾರಾದರೂ ಕ್ಯೂಬ್ ಅಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

ಸೋಮವಾರ ಕ್ಲಾಸು ಮುಗಿದ ಮೇಲೆ ತಾತನನ್ನು ತಡೆದು, "ಸರ್, ಹಾಜರಿ ಯಾಕೆ ಹಾಕ್ತಿದೀರಾ?" ಎಂದೆ.

"ಕೂಗ್ತೀನಿ. ಸದ್ದು ಬಂದ್ರೆ ಹಾಕ್ತೀನಿ. ನಿನಗೆ ಕೇಳ್ಸಲ್ವೇನಮ್ಮ?"

ಅಳು ಬಂತು. ಎಲ್ಲ ಹೇಳಿದೆ. ಅವರು ಒಂದೂ ಬುದ್ಧಿಮಾತು ಹೇಳಲಿಲ್ಲ. ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿ, "ನಡಿ, ಒಂದನ್ನ ಒಡೆಯೋಣ" ಎಂದರು. ಮಷೀನ್ ಈಗ ರಿಪೇರಿಯಾಗಿದೆ. ಒಳ್ಳೆಯ ಕ್ಯೂಬು ಒಡೆಯುವಾಗ ಪಟಾಕಿ ಹೊಡೆದ ಹಾಗೆ ಸದ್ದು ಬರುತ್ತದಂತೆ. ಒಡೆಯುವ ಮುನ್ನ ಐನೂರ ಅರವತ್ತು ಕಿಲೋನ್ಯೂಟನ್ ಭಾರ ದಾಟಬೇಕಿತ್ತು. ಮುನ್ನೂರ ಇಪ್ಪತ್ತಕ್ಕೆ ಮುಳ್ಳು ನಿಂತಿತು. ಸದ್ದೇ ಬರಲಿಲ್ಲ. ನೆನೆದ ಬಿಸ್ಕತ್ತಿನ ಹಾಗೆ ಸುಮ್ಮನೆ ಕುಸಿಯಿತು. ಲೆಕ್ಕ ಮಾಡಿದರೆ ಹದಿನಾಲ್ಕು ಅಕ್ಕ. ಇಪ್ಪತ್ತೆಂಟರಲ್ಲಿ ಅರ್ಧ.

ಉಳಿದೆರಡನ್ನು ಇಲ್ಲೇ ಬಿಟ್ಟರೆ ನಾಳೆ ಇರುವುದಿಲ್ಲ ಎಂದು ತಾತ ತಮ್ಮ ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ಮನೆಗೆ ಒಯ್ದರು. ಒಂದೊಂದು ಎಂಟು ಕೆಜಿ. ಸ್ಕೂಟರ್ ವಾಲಾಡುತ್ತಾ ಹೋಯಿತು.

ಇನ್ನೊಂದು ಮಾತು. ಕ್ಯೂಬಿನ ಮೇಲೆ ಎರಕ ಹಾಕಿದ ತಾರೀಕು ಜುಲೈ ಇಪ್ಪತ್ತೊಂದು ಅಂತಿದೆ. ಅವತ್ತು ನೀನು ನನ್ನ ಜೊತೆ ಇಲ್ಲಿದ್ದೆ. ನಾನು ಯಾರಿಗೂ ಹೇಳಿಲ್ಲ. ಹೇಳಬೇಕಾ ಬೇಡವಾ ಗೊತ್ತಾಗುತ್ತಿಲ್ಲ.

ಟ್ಯಾಂಕಿಗೆ ನೀರು ತುಂಬಿಸಬೇಡ. ದಯವಿಟ್ಟು.

ಗುಬ್ಬಿ


ಅಕ್ಟೋಬರ್ ೬

ಅಕ್ಕಾ,

ನಿನ್ನ ಪತ್ರವಿಲ್ಲ. ನಿನ್ನೆ ಫೋನ್ ಮಾಡಿದರೆ ರಿಂಗ್ ಆಗುತ್ತಲೇ ಇತ್ತು. ಹನ್ನೆರಡಕ್ಕೆ ಇನ್ನು ಆರು ದಿನ.

ತಾತ ಕ್ಯೂಬಿನ ವಿಷಯ ಎತ್ತಿದ ಮೇಲೆ ವಿಭಾಗದ ಮುಖ್ಯಸ್ಥರು ಕರೆಸಿದ್ದರು. ಇನ್‌ಸ್ಟ್ರಕ್ಟರ್ ಕೂಡ ಇದ್ದರು, ನನ್ನ ಮುಖ ನೋಡಲಿಲ್ಲ. ಮುಖ್ಯಸ್ಥರು ಬಹಳ ಪ್ರೀತಿಯಿಂದ ಮಾತಾಡಿದರು. ಹೊಸಬಳು, ಮಷೀನ್ ಓದುವಾಗ ತಪ್ಪು ನಂಬರ್ ಬರೆದೆ ಅಂತ ನಾನು ಬರೆದುಕೊಟ್ಟರೆ ಎಲ್ಲ ಮುಗಿಯುತ್ತದಂತೆ. "ಎಥಿಕ್ಸ್‌ಗೆ ಮಾರ್ಕ್ಸ್ ಇಲ್ಲಮ್ಮ, ಲ್ಯಾಬಿಗೆ ಐವತ್ತಿದೆ. ಯೋಚನೆ ಮಾಡು" ಎಂದರು.

ಮಷೀನ್ ಓದಿಯೇ ಇಲ್ಲವಲ್ಲ ಸರ್, ತಪ್ಪು ಓದೋದು ಹೇಗೆ ಎಂದೆ.  ಆಮೇಲೆ ಏನಾಯಿತೋ ಹಾಗೆಯೇ ಎರಡು ಪುಟ ಬರೆದು ಪ್ರಿನ್ಸಿಪಾಲರ ಕೈಗೇ ಕೊಟ್ಟೆ. ಜುಲೈ ಇಪ್ಪತ್ತೊಂದರ ವಿಷಯ ಮಾತ್ರ ಬರೆಯಲಿಲ್ಲ. ಅದು ನಿನ್ನದು.

ರೂಮ್‌ಮೇಟ್ ಮಾತು ಬಿಟ್ಟಿದ್ದಾಳೆ. "ಎಲ್ಲರ ಲ್ಯಾಬ್ ಮಾರ್ಕ್ಸಿಗೂ ಕಲ್ಲು ಹಾಕಿದೆ" ಎಂದಳು.

ಬೈದಾದರೂ ಬರೆ ಅಕ್ಕ.

ಗುಬ್ಬಿ


ಅಕ್ಟೋಬರ್ ೨೧

ಗುಬ್ಬೀ,

ಟ್ಯಾಂಕಿಗೆ ನೀರು ತುಂಬಿಸಲಿಲ್ಲ. ಮೊದಲು ಅದನ್ನು ಓದಿಕೊಂಡು ಉಸಿರು ಬಿಡು.

ನಿನ್ನ ಪತ್ರ ಸಿಕ್ಕಿದ್ದು ಸೆಪ್ಟೆಂಬರ್ ಇಪ್ಪತ್ತೇಳಕ್ಕೆ. ಮೂರು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಮೂರು ದಿನ ಕೆಲಸ ನಿಲ್ಲಿಸಲಿಲ್ಲ. ನಿನ್ನ ಮೇಲೆ ಸಿಟ್ಟು ಬಂದಿತ್ತು, ಯಾಕೆ ಹೇಳಿದೆಯೋ ಅಂತ. ನೀನು ಎಲ್ಲ ಬರೆದಿದ್ದೀಯ, ನಾನೂ ಬರೆಯಬೇಕು.

ಕಾಂಕ್ರೀಟ್ ಹಾಕುವ ದಿನ ಒಂದು ಕಾರ್ಡ್ ತುಂಬಬೇಕು. ಅದರಲ್ಲಿ "ಎಂಜಿನಿಯರ್ ಹಾಜರು" ಎಂದು ಒಂದು ಕಾಲಂ ಇರುತ್ತದೆ. ಜುಲೈ ಇಪ್ಪತ್ತೊಂದರಂದು ನಾನು ನಿನ್ನ ಹಾಸ್ಟೆಲ್ ರೂಮಿನಲ್ಲಿ ದಿಂಬಿಗೆ ಕವರ್ ಹಾಕುತ್ತಿದ್ದೆ. ಇಲ್ಲಿ ಪಂಪು ಕಟ್ಟಿಕೊಂಡಿತಂತೆ. ಕಾಂಕ್ರೀಟು ಬೇಗ ಹರಿಯಲಿ ಅಂತ ಕೊಡಗಟ್ಟಲೆ ನೀರು ಸುರಿದು ಅದರ ಬಲ ಕೆಡಿಸಿದ್ದಾರೆ, ತಡೆಯುವವರು ಯಾರೂ ಇರಲಿಲ್ಲ. ಮರುದಿನ ಬಂದು ಕ್ಯೂಬುಗಳಿಗೆ ನಂಬರ್ ಬರೆದೆ, ಆ ಕಾರ್ಡಿಗೆ ಸೈನ್ ಹಾಕಿದೆ. ಒಂದು ದಿನ ರಜೆ ಕೇಳಿದ್ದರೆ ಕೊಡುತ್ತಿದ್ದರು. ಕೇಳಿದರೆ ಎರಕ ಮುಂದಕ್ಕೆ ಹೋಗುತ್ತದೆ, ನನ್ನಿಂದ ತಡವಾಯಿತು ಅನ್ನುತ್ತಾರೆ ಅಂತ ಕೇಳಲಿಲ್ಲ. ನಿನಗೆ ಹೇಳಿದರೆ ನಿನ್ನಿಂದಾಯಿತು ಅಂದುಕೊಳ್ಳುತ್ತೀಯ ಅಂತ ಹೇಳಲಿಲ್ಲ. ನಿನ್ನಿಂದಲ್ಲ. ಕೇಳಿಸಿತಾ? ನಿನ್ನಿಂದಲ್ಲ.

ಮೂರನೇ ದಿನ ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ಒಬ್ಬಳೇ ಎರಡನೇ ಮಹಡಿಗೆ ಹೋದೆ. ಏಳನೇ ಕಂಬಕ್ಕೆ ಕಿವಿ ಕೊಟ್ಟು ನಿಂತೆ. ಏನು ಕೇಳಿಸಿತು ಅಂತ ನಿನಗೆ ಬರೆಯುವುದಿಲ್ಲ. ಕೆಳಗಿಳಿದು, ಕೆಲಸ ನಿಲ್ಲಿಸಿ ಎಂದೆ. ಕಂಟ್ರಾಕ್ಟರ್ ಕಡೆಯವನು ನಕ್ಕ. "ರಿಪೋರ್ಟ್ ಪಾಸಾಗಿದೆ, ನೀವೇ ಸೈನ್ ಮಾಡಿದೀರಲ್ಲ ಮೇಡಂ. ದೆವ್ವ ಗಿವ್ವ ಹೊಕ್ಕಿದೆಯಾ?" ಎಂದ. ನಾನು ಮೇಲಧಿಕಾರಿಗೆ ಬರೆದುಕೊಟ್ಟೆ, ರಿಪೋರ್ಟಿನ ವಿಷಯ ಮತ್ತು ಕಾರ್ಡಿನ ವಿಷಯ, ಎರಡೂ. ಕಾರ್ಡಿನ ಬಗ್ಗೆ ಯಾರೂ ಕೇಳಿರಲಿಲ್ಲ. ಆದರೆ ನಿನ್ನ ಪತ್ರ ಜೇಬಿನಲ್ಲಿ ಸತ್ಯ ಹೇಳುತ್ತಿರುವಾಗ ನನ್ನ ಒಂದು ಪುಟ ಹೇಗೆ ಸುಳ್ಳಾಡುತ್ತದೆ?

ಕಂಬ ಕೊರೆದು ನೋಡಿದರು; ಅದು ಗೊತ್ತಾಗುವವರೆಗೆ ನಿನಗೆ ಬರೆಯಲಿಲ್ಲ, ಫೋನೂ ಎತ್ತಲಿಲ್ಲ. ಒಂಬತ್ತು ಕಂಬ ಕೆಟ್ಟಿವೆ. ಸುತ್ತಲೂ ಹೊಸ ಸರಳು ಕಟ್ಟಿ, ದಪ್ಪ ಮಾಡಿ, ಮತ್ತೆ ಕಾಂಕ್ರೀಟು ಹಾಕಬೇಕು. ಆರು ತಿಂಗಳ ಕೆಲಸ. ಅದನ್ನು ಮಾಡುವವಳು ನಾನಲ್ಲ. ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಉಪ್ಪು ತಿಂದವಳು ನೀರು ಕುಡಿಯಬೇಕು. ನೀನು ಓದು ನಿಲ್ಲಿಸುವ ಮಾತೆತ್ತಿದರೆ ಕಾಲು ಮುರಿಯುತ್ತೇನೆ.

ನಿನ್ನೆ, ಉದ್ಘಾಟನೆ ಆಗಬೇಕಿದ್ದ ದಿನ, ನನ್ನ ಸಾಮಾನು ತರಲು ಹೋಗಿದ್ದೆ. ಹಿರಿಯ ನರ್ಸ್ ಗೇಟಿನಲ್ಲೇ ಹಿಡಿದರು.

"ಬಿದ್ದಿದೆಯಾ ಕಟ್ಟಡ?"

"ಇಲ್ಲ."

"ಮತ್ತೆ?"

ನಾನು ಕಟ್ಟಡದ ಕಡೆ ನೋಡಿದೆ ಗುಬ್ಬಿ. ಬಿದ್ದಿಲ್ಲ. ನೆಟ್ಟಗೆ, ಚೆನ್ನಾಗಿ, ಬಿಸಿಲಿನಲ್ಲಿ ನಿಂತಿದೆ. ಅವರು ನನ್ನ ಮೊಣಕೈ ಹಿಡಿದು, "ಬಾಮ್ಮ, ನೋಡ್ಕೊಂಡು ಹೋಗು" ಎಂದು ಹಳೆಯ ವಾರ್ಡಿಗೆ ಎಳೆದುಕೊಂಡು ಹೋದರು. ಒಂದೊಂದು ಮಂಚಕ್ಕೆ ಇಬ್ಬರು, ತಲೆ ಅತ್ತ ಇತ್ತ. ನಡುವೆ ಕೂಸುಗಳು. ನೆಲದ ಮೇಲೂ ಮಲಗಿದ್ದರು. ಕಿಟಕಿಯ ಹತ್ತಿರದ ಮಂಚದಲ್ಲಿದ್ದವಳೊಬ್ಬಳು ನನ್ನನ್ನು ಯಾರದೋ ಕಡೆಯವಳು ಎಂದುಕೊಂಡಳೋ ಏನೋ, "ಹೊಸ ವಾರ್ಡು ಯಾವಾಗಕ್ಕಾ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ನಿಂತೇ ಇದ್ದೆನಲ್ಲ, ಪಾಪ ಅನ್ನಿಸಿರಬೇಕು. ಕಾಲು ಮಡಚಿ ಸ್ವಲ್ಪ ಜಾಗ ಮಾಡಿದಳು. ಇನ್ನೊಬ್ಬಳೂ ಸರಿದಳು.

ಕೂತೆ. ಎಲ್ಲೋ ಏನೋ ಕಿರ್ ಎಂದಿತು. ಮಂಚವೇ ಇರಬೇಕು. ನಾನು ತಲೆಯೆತ್ತಿ ಸೂರು ನೋಡಿದೆ. ನಾನು ನೋಡಿದ್ದನ್ನು ಕಂಡು ಅವರಿಬ್ಬರೂ ಮಾತು ನಿಲ್ಲಿಸಿ, ಕೂಸುಗಳ ಮೇಲೆ ಕೈಯಿಟ್ಟು, ಮೇಲೆ ನೋಡತೊಡಗಿದರು.

ಅಕ್ಕ